ಕಂದೀಲ ಗಡ್ಡಿ

ಸೋಮನಿಂಗ ಮುತ್ಯಾನಿಗೆ 'ಇಲ್ಲ' ಅನ್ನುವುದು ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಪಕ್ಕದ ಮನೆಯವರು ಹಗ್ಗ ಕೇಳಿದರೆ ಇಲ್ಲ. ಓಟು ಕೇಳಲು ಬಂದವರು ಬಿಸಿಲಿಗೆ ಬಾಯಾರಿ ನೀರು ಕೇಳಿದರೆ ಅದೂ ಇಲ್ಲ. ಬಸ್ಸಿನ ಕಂಡಕ್ಟರು ಚಿಲ್ಲರೆ ಕೇಳಿದರೆ, ಕಿಸೆ ಝಣಝಣ ಅನ್ನುತ್ತಿದ್ದರೂ ಇಲ್ಲ. ಹೆಂಡತಿ ಇಂದ್ರಾಬಾಯಿ ಮದುವೆಯಾದ ಹೊಸದರಲ್ಲಿ ಒಂದು ಡಜನ್ ಹಸಿರು ಬಳೆ ಕೇಳಿದ್ದಳಂತೆ. ಆವತ್ತು ಬಂದ 'ಇಲ್ಲ'ವನ್ನು ಐವತ್ತು ವರ್ಷ ಎತ್ತಿ ಆಡಿದಳು. ಇಂಥ ಗಟ್ಟಿ ಮನುಷ್ಯ ಒಂದೇ ಒಂದು ವಿಷಯದಲ್ಲಿ ಮಾತ್ರ ಬಾಯಿ ಕಟ್ಟಿಸಿಕೊಂಡಿದ್ದ. ಯಾರಾದರೂ ಅವನ ಮನೆಯ ಮುಂದಿನ ಕಟ್ಟೆಯ ಮೇಲೆ ಐದು ವೀಳ್ಯದೆಲೆ, ಒಂದು ಅಡಿಕೆ ಇಟ್ಟು ಔಷಧ ಕೇಳಿದರೆ ಅವನು ಇಲ್ಲ ಅನ್ನುವಂತಿರಲಿಲ್ಲ.

ಅದು ಅವನು ಮಾಡಿದ ಕಟ್ಟಳೆಯಲ್ಲ. ಕುರಿ ಕಾಯುವ ಆ ಮನೆತನದಲ್ಲಿ ಅಪ್ಪನಿಂದ ಮಗನಿಗೆ ಬಂದದ್ದು. ಎಲೆ ಇಟ್ಟವರಿಗೆ ಕೇಳಿದಷ್ಟು ಕೊಡಬೇಕು, ಬದಲಿಗೆ ಏನನ್ನೂ ಮುಟ್ಟಬಾರದು. ಔಷಧ ಎಂದರೆ ಕಂದೀಲ ಗಡ್ಡಿ. ಮಳೆಗಾಲದಲ್ಲಷ್ಟೇ ಚಿಗುರುವ ದಾರದಂಥ ಬಳ್ಳಿ, ನೆಲದೊಳಗೆ ಸಣ್ಣ ಉಳ್ಳಾಗಡ್ಡಿಯಷ್ಟು ಗಡ್ಡೆ. ಶ್ರಾವಣ ಮುಗಿಯುವ ಹೊತ್ತಿಗೆ ಅದರಲ್ಲಿ ಬೆರಳುದ್ದದ ಹೂ ಬಿಡುತ್ತದೆ. ಕೆಳಗೆ ಬುರುಡೆ, ಮೇಲೆ ಪಂಜರ, ಥೇಟು ಹಳೇ ಕಾಲದ ಕಂದೀಲು. ಹೆತ್ತು ಸೊರಗಿದ ಹೆಣ್ಣುಮಕ್ಕಳಿಗೆ ಆ ಗಡ್ಡೆಯನ್ನು ಹಾಲಿನಲ್ಲಿ ಅರೆದು ಮೂರು ಮುಂಜಾನೆ ಕುಡಿಸುತ್ತಿದ್ದರು. ಅದರಿಂದ ಎಷ್ಟು ಮಂದಿಗೆ ಗುಣವಾಯಿತೋ ಲೆಕ್ಕ ಇಟ್ಟವರಿಲ್ಲ. ಆದರೆ ಇಂಡಿ, ಮುದ್ದೇಬಿಹಾಳ ಕಡೆಯಿಂದ, ಸಿಂದಗಿ ತಾಲ್ಲೂಕಿನ ಯಂಕಂಚಿ, ಕನ್ನೊಳ್ಳಿಯಂಥ ಹಳ್ಳಿಗಳಿಂದ ಎರಡೆರಡು ಬಸ್ಸು ಬದಲಿಸಿ, ಬಸವನ ಬಾಗೇವಾಡಿ ದಾಟಿ, ಕೊಲ್ಹಾರದ ಪಕ್ಕ, ಅಣೆಕಟ್ಟಿನ ನೀರಿಗೆ ಮುಳುಗಿ ಗುಡ್ಡದ ಮಗ್ಗುಲಿಗೆ ಎದ್ದು ಬಂದ ಈ ಊರಿನ ತನಕ ಮಂದಿ ಬರುತ್ತಿದ್ದರು.

ಅಗೆಯುವುದಕ್ಕೂ ಒಂದು ರೀತಿಯಿತ್ತು. ಕಬ್ಬಿಣ ತಾಗಿಸಬಾರದು, ಟಗರಿನ ಕೋಡಿನಿಂದಲೇ ಮಣ್ಣು ಬಿಡಿಸಬೇಕು. ಗಡ್ಡೆಯ ಕೆಳಗಿನ ಅರ್ಧ ಮುರಿದುಕೊಂಡು, ಚಿಗುರೊಡೆಯುವ ತಲೆಯ ಭಾಗವನ್ನು ಅದೇ ಕುಣಿಯಲ್ಲಿ ಊರಿ, ಕೇಳಿದವರು ತಂದ ಎಲೆಗಳಲ್ಲೊಂದನ್ನು ಅದರ ಮೇಲೆ ಹೊದಿಸಿ ಮಣ್ಣೆಳೆಯಬೇಕು. ಹೂ ಇದ್ದಾಗ ಮುಟ್ಟಲೇಬಾರದು. ಗಡ್ಡೆ ಬೆಳೆಯುವ ಜಾಗವನ್ನು ಯಾರಿಗೂ ತೋರಿಸಬಾರದು. ತೋರಿಸಿದರೆ, ನೋಡಿದವರು ಮುಂದೆ ಅದನ್ನು ಕಾಯಬೇಕು.

ಭುವನೇಶ್ವರಿ ಇದನ್ನೆಲ್ಲ ನೋಡುತ್ತ ಬೆಳೆದವಳು. ಮುತ್ಯಾನ ಮಗಳ ಮಗಳು. ಅವಳ ಅಪ್ಪ ಅವ್ವ ವರ್ಷದಲ್ಲಿ ಆರು ತಿಂಗಳು ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೋಗುತ್ತಿದ್ದರು, ಹೀಗಾಗಿ ಅವಳು ಮುತ್ಯಾನ ಬಗಲಲ್ಲೇ ಉಳಿದಳು. ಆಡುಗಳ ಹಿಂದೆ ಓಡಾಡುತ್ತ ಗಿಡಬಳ್ಳಿಗಳ ಹೆಸರು ಕಲಿತು, ಆಮೇಲೆ ಅವುಗಳ ಇನ್ನೊಂದು ಹೆಸರನ್ನು ಕಾಲೇಜಿನಲ್ಲಿ ಕಲಿತು, ಈಗ ವಿಜಯಪುರದಲ್ಲಿ ಸಸ್ಯಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಊರಲ್ಲಿ ಅವಳ ಓದು ಯಾರಿಗೂ ಸರಿಯಾಗಿ ಅರ್ಥವಾಗಿರಲಿಲ್ಲ. ಮುತ್ಯಾ ಮಾತ್ರ ಕೇಳಿದವರಿಗೆಲ್ಲ, "ನಮ್ಮ ಭುವನಿ ಔಷಧದ ಸಾಲಿ ಕಲಿಯಾಕತ್ತಾಳ" ಎಂದು ಹೇಳಿ ಮೀಸೆ ತಿರುವುತ್ತಿದ್ದ.

ಸಂಶೋಧನೆಗೆ ವಿಷಯ ಹುಡುಕುವಾಗ ಅವಳು ಒಂದು ದಿನ ಕಂದೀಲ ಗಡ್ಡಿಯ ಮಾತು ತೆಗೆದಳು. ಅವಳ ಮಾರ್ಗದರ್ಶಕಿ ವಿಜಯಲಕ್ಷ್ಮಿ ಮೇಡಂ, ಇಂಡಿ ಕಡೆಯವರು, ಹಿಂದೊಮ್ಮೆ ಮುತ್ಯಾನ ಕಂಬಳಿಗೆ ಸಿಕ್ಕಿ ಬಂದು ಭುವನೇಶ್ವರಿಯ ನೋಟುಬುಕ್ಕಿನಲ್ಲಿ ಒಣಗಿದ್ದ ಒಂದು ಹೂವನ್ನು ಕನ್ನಡಕ ಏರಿಸಿ ನೋಡಿ, ಕಪಾಟಿನಿಂದ ಒಂದು ಪುಸ್ತಕ ತೆಗೆದರು. ಅಳಿವಿನಂಚಿನಲ್ಲಿರುವ ಸಸ್ಯಗಳ ಪಟ್ಟಿಯಲ್ಲಿ ಅದಿತ್ತು. ಅದರ ಗಡ್ಡೆಯ ಗುಣವನ್ನು ಯಾರೂ ಸರಿಯಾಗಿ ಪರೀಕ್ಷಿಸಿರಲಿಲ್ಲ.

"ಇದರಾಗಿನ ಆಂಟಿಆಕ್ಸಿಡೆಂಟ್ ಗುಣ ನೋಡಬೇಕು ಭುವನೇಶ್ವರಿ. ಆದ್ರ ಒಂದೆರಡು ಗಡ್ಡಿ ತಂದ್ರ ಆಗೂದಿಲ್ಲ. ಐದು ಕಿಲೋ ಆದ್ರೂ ಹಸೀದು ಬೇಕು. ತಲಿ, ಸಿಪ್ಪಿ ಎಲ್ಲಾ ಸಮೇತ. ಅಲ್ಲೇ ಸತ್ವ ಜಾಸ್ತಿ ಇರತೈತಿ," ಎಂದ ಮೇಡಂ, "ಅಷ್ಟು ಐತೇನು ಅಲ್ಲಿ?" ಎಂದೂ ಕೇಳಿದರು.

ಭುವನೇಶ್ವರಿ ಎರಡನೇ ಸಲ ಯೋಚಿಸಲಿಲ್ಲ. "ಬೇಕಾದಷ್ಟು ಐತ್ರಿ ಮೇಡಂ. ನಮ್ಮ ಮುತ್ಯಾ ಔಷಧಕ್ಕ ಬಂದವರಿಗೆ ಇವತ್ತಿನ ತನಕ ಇಲ್ಲ ಅಂದಿಲ್ಲ."

ಇಷ್ಟು ಓದಿದ ಹುಡುಗಿ, ಇಲ್ಲ ಅನ್ನದಿರುವುದಕ್ಕೂ ಬೇಕಾದಷ್ಟು ಇರುವುದಕ್ಕೂ ಸಂಬಂಧವಿಲ್ಲ ಎಂಬುದನ್ನು ಯೋಚಿಸಲಿಲ್ಲ. ಆ ಮನೆಯಲ್ಲಿ ಬೆಳೆದವರಿಗೆ ಮಾತ್ರ ಆಗಬಹುದಾದ ತಪ್ಪು ಅದು.

ಆ ವರ್ಷದ ಆಷಾಢದಲ್ಲಿ ಅವಳು ಕೊಲ್ಹಾರದ ಸಂತೆಯಲ್ಲಿ ಎಲೆ ಅಡಿಕೆ ಕೊಂಡುಕೊಂಡು ಊರಿಗೆ ಹೋದಳು. ಮೊಮ್ಮಗಳಾಗಿ ಕೇಳಿದರೆ ಮುತ್ಯಾ ಇಲ್ಲ ಅಂದುಬಿಡಬಹುದು, ಅವನಿಗೆ ಅದು ಚಟ. ಎಲೆ ಇಟ್ಟು ಕೇಳಿದರೆ ಅನ್ನುವ ಹಾಗಿಲ್ಲ. ಬಸ್ಸಿನಲ್ಲಿ ಕೂತು ಇದನ್ನು ಯೋಚಿಸಿ ಅವಳಿಗೆ ನಗು ಬಂದಿತ್ತು. ಮುತ್ಯಾನನ್ನು ಅವನದೇ ಹಗ್ಗದಲ್ಲಿ ಕಟ್ಟಿಹಾಕುವ ಉಪಾಯ ತನಗೆ ಹೊಳೆಯಿತಲ್ಲ ಎಂಬ ಹೆಮ್ಮೆ.

ಕಟ್ಟೆಯ ಮೇಲೆ ಎಲೆ ಕಂಡು ಮುತ್ಯಾನೂ ನಕ್ಕ. "ಇದೇನ ಯವ್ವಾ ಹೊಸಾದು? ನಿನಗ್ಯಾವ ಬಾಣಂತನ?"

"ಕಾಲೇಜಿಗೆ ಬೇಕಾಗೇತಿ ಮುತ್ಯಾ. ಕಂದೀಲ ಗಡ್ಡಿ. ಐದ ಕಿಲೋ."

ನಗು ಅಲ್ಲಿಗೆ ನಿಂತಿತು. "ಐದ ಕಿಲೋ?"

"ಹೂಂ. ಅರ್ಧಾ ಮುರದು ಕೊಡೂದಲ್ಲ ಮತ್ತ. ಇಡೀ ಗಡ್ಡಿ ಬೇಕು, ತಲಿ ಸಮೇತ."

"ಯಾರಿಗೆ ಕುಡಸ್ತೀರಿ ಅಷ್ಟು?"

"ಯಾರಿಗೂ ಕುಡಸಂಗಿಲ್ಲ. ಪರೀಕ್ಷಾ ಮಾಡ್ತೇವಿ."

"ಗಡ್ಡಿಗೆ ಪರೀಕ್ಷಾ?" ಎಂದು ಒಳಗಿನಿಂದ ಇಂದ್ರಾಬಾಯಿ ನಕ್ಕಳು. "ಪಾಸ್ ಆಗದಿದ್ರ ಏನ್ ಮಾಡ್ತೀರಿ?"

ಮುತ್ಯಾ ನಗಲಿಲ್ಲ. ಎಲೆಗಳನ್ನೇ ನೋಡುತ್ತ ಕೂತ. ಅಷ್ಟರಲ್ಲಿ ಕರಿ ಆಡೊಂದು ಕಟ್ಟೆಗೆ ಮುಂಗಾಲು ಕೊಟ್ಟು ಎಲೆಗೆ ಬಾಯಿ ಚಾಚಿತು. ಮುತ್ಯಾ ಅದನ್ನು ತಡೆಯುವುದೋ ಬಿಡುವುದೋ ಎಂಬಂತೆ ಒಂದು ಗಳಿಗೆ ನೋಡಿ, ಆಮೇಲೆ ಅದರ ಮೂತಿ ಸರಿಸಿ ಎಲೆಗಳನ್ನು ಕೈಗೆತ್ತಿಕೊಂಡ. ಮುಂದೆ ಎಷ್ಟೋ ದಿನ ಭುವನೇಶ್ವರಿಗೆ ಆ ಆಡು ನೆನಪಾಗುತ್ತಿತ್ತು. ಅದು ತಿಂದುಬಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಗಡ್ಡೆಗಳು ಮೂರು ಕಂತಿನಲ್ಲಿ ಬಂದವು. ಹಿಟ್ಟಿನ ಚೀಲದಲ್ಲಿ ತುಂಬಿ, ಬಾಯಿ ಹೊಲಿದು, ಕೊಲ್ಹಾರದ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಮುತ್ಯಾ ಕಳಿಸುತ್ತಿದ್ದ. ಚಿಲ್ಲರೆಗೆ ಇಲ್ಲ ಅಂದ ಅದೇ ಕಂಡಕ್ಟರನ ಮುಂದೆ ಆ ಚೀಲಕ್ಕಾಗಿ ಕೈ ಮುಗಿದನಂತೆ. ಭುವನೇಶ್ವರಿ ಗಡ್ಡೆಗಳನ್ನು ತೊಳೆದು, ತೆಳ್ಳಗೆ ಹೆಚ್ಚಿ, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಮೆಥನಾಲ್ ಎಂಬ ಸ್ಪಿರಿಟ್ಟಿನಲ್ಲಿ ನೆನೆಹಾಕಿ ಸತ್ವ ತೆಗೆದಳು. ಚೀಲಗಟ್ಟಲೆ ಗಡ್ಡೆ ಕೊನೆಗೆ ಕಾಕಂಬಿಯಂಥ ಒಂದಿಷ್ಟು ಅಂಟು ದ್ರವವಾಯಿತು.

ಪರೀಕ್ಷೆಯ ದಿನವನ್ನು ಅವಳು ಮರೆಯುವ ಹಾಗಿಲ್ಲ. ಸಾಲಾಗಿ ನಿಂತ ಕೊಳವೆಗಳಲ್ಲಿ ಕಡು ನೇರಳೆ ಬಣ್ಣದ ದ್ರಾವಣ. ಅದಕ್ಕೆ ಗಡ್ಡೆಯ ಸತ್ವ ಬೆರೆಸಿ ಅರ್ಧ ಗಂಟೆ ಕತ್ತಲಲ್ಲಿಡಬೇಕು. ಸತ್ವದಲ್ಲಿ ಶಕ್ತಿಯಿದ್ದರೆ ನೇರಳೆ ಬಣ್ಣ ಸೋಲುತ್ತದೆ. ಹೊರಗೆ ತೆಗೆದಾಗ ಅಷ್ಟೂ ಕೊಳವೆಗಳು ಮಾಗಿದ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಅವಳು ಮೇಡಂ ಅವರನ್ನು ಕೈ ಹಿಡಿದು ಎಳೆದುಕೊಂಡು ಬಂದು ತೋರಿಸಿದಳು. ಮೇಡಂ ಮೂರು ಸಲ ಅಳತೆ ಮಾಡಿಸಿ, ಕೊನೆಗೆ ಅವಳ ಬೆನ್ನು ತಟ್ಟಿದರು. ಅಂದು ಅವಳಷ್ಟು ಸುಖಿ ವಿಜಯಪುರದಲ್ಲಿ ಇನ್ನೊಬ್ಬರಿರಲಿಲ್ಲ.

ಸಂಜೆ ಮುತ್ಯಾನಿಗೆ ಫೋನು ಮಾಡಿದಳು. "ಕಬ್ಬಿಣಕ್ಕ ಹೆಂಗ ತುಕ್ಕ ಹಿಡೀತೈತಿ ಮುತ್ಯಾ, ಹಂಗ ನಮ್ಮ ಮೈಯಾಗೂ ಒಂದ ನಮೂನಿ ತುಕ್ಕ ಇರತೈತಿ ಅಂತ ತಿಳಿ. ನಮ್ಮ ಗಡ್ಡಿ ಅದನ್ನ ತಡೀತೈತಿ. ಕೊಳವಿ ಒಳಗ ಪಕ್ಕಾ ಆತು. ಮನಷ್ಯಾರ ಮೈಯಾಗ ಇನ್ನೂ ನೋಡಬೇಕು."

"ನಿಮ್ಮ ಆಯಿ ಅಂದಂಗ ಪಾಸ್ ಆತು ಅನ್ನು."

"ಫಸ್ಟ್ ಕ್ಲಾಸ್‌ನ್ಯಾಗ."

ಆ ಕಡೆ ಮುತ್ಯಾ ಹೂಂ ಅಂದ. ಆಮೇಲೆ ಕೇಳಿದ. "ಗಡ್ಡಿ ಏನರೆ ಉಳದಾವೇನ ಯವ್ವಾ? ಒಂದೆರಡು?"

"ಎಲ್ಲಾ ಪುಡಿ ಮಾಡಿದ್ವಿ ಮುತ್ಯಾ. ಒಂದೂ ಉಳೀಲಿಲ್ಲ."

"ಇರ್ಲಿ ಬಿಡು. ಊಟ ಮಾಡು ಹೊತ್ತಿಗೆ ಸರಿಯಾಗಿ," ಎಂದು ಮುತ್ಯಾ ಫೋನು ಇಟ್ಟ. ಅವನು ಯಾಕೆ ಕೇಳಿದನೆಂದು ಅವಳು ಕೇಳಲಿಲ್ಲ. ಸಂತೋಷದಲ್ಲಿದ್ದಾಗ ಯಾರಿಗೆ ನೆನಪಾಗುತ್ತದೆ!

ಪ್ರಬಂಧ ಬರೆದು ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿ ಆರೇಳು ತಿಂಗಳಾದ ಮೇಲೆ ಉತ್ತರ ಬಂತು. ಫಲಿತಾಂಶ ಚೆನ್ನಾಗಿದೆ, ಆದರೆ ಗಿಡದ ಗುರುತು ಖಾತ್ರಿಯಾಗಲು ಹೂ ಬಿಟ್ಟ ಒಂದು ಇಡೀ ಬಳ್ಳಿಯನ್ನು ಬೇರು ಸಮೇತ ಒಣಗಿಸಿ ಇಡಬೇಕು ಎಂದು ಬರೆದಿದ್ದರು. ಒಂದೇ ಒಂದು ಬಳ್ಳಿ. ಭುವನೇಶ್ವರಿ ಶ್ರಾವಣ ಮುಗಿಯುವುದನ್ನೇ ಕಾದು, ಮತ್ತೆ ಎಲೆ ಅಡಿಕೆ ಕೊಂಡು ಬಸ್ಸು ಹತ್ತಿದಳು.

ಮನೆಯಲ್ಲಿ ಆಯಿ ಇಂದ್ರಾಬಾಯಿ ಒಬ್ಬಳೇ ಇದ್ದಳು. ರೊಟ್ಟಿ ಬಡಿಯುತ್ತ ಗಂಡನ ಮೇಲೆ ದೂರು ಹೇಳಿದಳು. "ನಿಮ್ಮ ಮುತ್ಯಾಗ ತಲಿ ಕೆಟ್ಟೈತಿ ನೋಡು. ಯಾರರೆ ಎಲಿ ಹಿಡಕೊಂಡು ಓಣಿ ತಿರುವಿನ್ಯಾಗ ಕಂಡ್ರ ಸಾಕು, ಆಡು ಬಿಟಗೊಂಡು ಹಿತ್ತಲದಿಂದ ಗುಡ್ಡಕ್ಕ ಓಡಿ ಹೊಕ್ಕಾನ. ಮೊನ್ನಿ ಮುದ್ದೇಬಿಹಾಳದವ್ರು ಸಂಜಿತನಕ ಕುಂತು ಕುಂತು ಹ್ವಾದ್ರು. ನನಗ ನಾಚಿಕಿ ಆತು. ಈ ವಯಸ್ಸಿನ್ಯಾಗ ಗಂಡ ಅಡಗಿ ಕುಂಡ್ರೂದು ನೋಡಬೇಕಾತಲ್ಲ!"

ಭುವನೇಶ್ವರಿ ನಕ್ಕಳು. ಮುತ್ಯಾನಿಗೆ ವಯಸ್ಸಾಯಿತು, ಗುಡ್ಡ ಹತ್ತಿ ಅಗೆಯಲು ಬೇಸರ ಬಂದಿರಬೇಕು ಎಂದುಕೊಂಡಳು. ಹೊರಗೆ ಬಂದು ಎಲೆ ಅಡಿಕೆ ಕಟ್ಟೆಯ ಮೇಲಿಟ್ಟು, ಅದರ ಪಕ್ಕದಲ್ಲೇ ಕೂತಳು.

ಇಳಿಹೊತ್ತಿಗೆ ಆಡುಗಳು ಬಂದವು. ಹಿಂದೆ ಬರುತ್ತಿದ್ದ ಮುತ್ಯಾ ದೂರದಿಂದಲೇ ಹಣೆಗೆ ಕೈ ಹಚ್ಚಿ, ಕಟ್ಟೆಯ ಮೇಲೆ ಯಾರು ಕೂತಿದ್ದಾರೆಂದು ನೋಡಿ ನಿಂತ. ಮೊಮ್ಮಗಳೆಂದು ಗೊತ್ತಾದ ಕೂಡಲೇ ಅವನ ನಡಿಗೆ ಬದಲಾಯಿತು. ಆಡುಗಳನ್ನು ಹಿಂದೆ ಹಾಕಿ, ಕೋಲು ಬಗಲಿಗಿಟ್ಟು, ಹೆಚ್ಚುಕಡಿಮೆ ಓಡಿಯೇ ಬಂದ. "ಯಾವಾಗ ಬಂದೆವ್ವಾ? ಫೋನರೆ ಮಾಡಬಾರ್ದ? ಎಷ್ಟ ಸಣ್ಣಾಗಿಯಲ್ಲ!" ಎಂದು ಅವಳ ತಲೆ ಸವರಿದ. ತಲೆ ಸವರುತ್ತಲೇ ಅವನ ಕಣ್ಣು ಅವಳ ಪಕ್ಕದ ಎಲೆಗಳ ಮೇಲೆ ಬಿತ್ತು. ಕೈ ಅಲ್ಲೇ ನಿಂತಿತು.

"ಈ ಸಲ ಒಂದ ಸಾಕು ಮುತ್ಯಾ," ಎಂದಳು ಅವಳು, ದೊಡ್ಡ ಉಪಕಾರ ಮಾಡಿದವಳಂತೆ. "ಹೂ ಬಿಟ್ಟ ಬಳ್ಳಿ, ಬೇರು ಸಮೇತ. ಹೂವಿನ್ಯಾಗ ಮುಟ್ಟಬಾರ್ದು ಅಂತ ನನಗ ಗೊತ್ತೈತಿ, ಆದ್ರ ಹೂವ ಬೇಕಂತ ಬರದಾರ. ಒಂದ ಒಂದು."

"ಒಂದ ಐತಿ," ಎಂದ ಮುತ್ಯಾ.

ಅವಳಿಗೆ ಆ ಮಾತು ಅರ್ಥವಾಗಲಿಲ್ಲ. ಅವನು ಎಲೆಗಳನ್ನು ಎತ್ತಿಕೊಂಡು ಧೋತರದ ಅಂಚಿಗೆ ಕಟ್ಟಿ, ಒಳಗಿನಿಂದ ಟಗರಿನ ಕೋಡು ತಂದ. "ನಡಿ. ನೀನೂ ಬಾ."

ಜಾಗ ತೋರಿಸುತ್ತಾನೆ! ಇಷ್ಟು ವರ್ಷ ಸ್ವಂತ ಮಗಳಿಗೂ ತೋರಿಸದ್ದನ್ನು ತನಗೆ ತೋರಿಸುತ್ತಾನೆ. ಭುವನೇಶ್ವರಿ ಚಪ್ಪಲಿ ಮೆಟ್ಟುವುದನ್ನೂ ಮರೆತು ಅವನ ಹಿಂದೆ ನಡೆದಳು. ಊರ ಹಿಂದಿನ ಕಲ್ಲುಗುಡ್ಡವನ್ನು ಬಳಸಿ, ಹಿನ್ನೀರಿನ ಕಡೆಗೆ ಇಳಿಯುವ ಓರೆಯಲ್ಲಿ ಅವನು ನಿಂತ. ಕೆಳಗೆ ದೂರದ ತನಕ ನೀರು, ಅಲ್ಲೊಬ್ಬ ಬಲೆ ಎಳೆಯುತ್ತಿದ್ದ, ಆಚೆಗೆ ಉದ್ದನೆಯ ಸೇತುವೆ. ಕಾಲ ಬುಡದಲ್ಲಿ ಸಾಲು ಸಾಲು ಸಣ್ಣ ಕಲ್ಲುಗಳು. ಪ್ರತಿ ಕಲ್ಲಿನ ಪಕ್ಕ ಒಂದೊಂದು ತಗ್ಗು. ತಗ್ಗುಗಳಲ್ಲಿ ಹುಲ್ಲು ಬೆಳೆದಿತ್ತು, ಬಳ್ಳಿ ಇರಲಿಲ್ಲ.

"ಎಪ್ಪತ್ತೆರಡು," ಎಂದ ಮುತ್ಯಾ. "ಐದ ಕಿಲೋ ಅಂದ್ರ ಎಪ್ಪತ್ತೆರಡು ಗಡ್ಡಿ ಹತ್ತಿದ್ವು."

ಭುವನೇಶ್ವರಿ ಬಗ್ಗಿ ಒಂದು ತಗ್ಗಿನ ಹುಲ್ಲು ಸರಿಸಿದಳು. ಅವಳು ಒಂದು ತಗ್ಗಿನಿಂದ ಇನ್ನೊಂದಕ್ಕೆ, ಆ ಸಾಲಿನಿಂದ ಈ ಸಾಲಿಗೆ ನೋಡುತ್ತ ಓಡಾಡಿದಳು.

"ಬ್ಯಾರೆ ಕಡೆ ಐತಲ್ಲ ಮುತ್ಯಾ? ಮತ್ತೊಂದ ಜಾಗಾ ಇರಬೇಕಲ್ಲ?"

"ಇತ್ತು," ಎಂದು ಮುತ್ಯಾ ಕೋಡಿನಿಂದ ನೀರಿನ ಕಡೆ ತೋರಿಸಿದ. "ಅಲ್ಲಿ, ನಮ್ಮ ಹಳೇ ಊರ ಹೊಳಿದಂಡಿಗೆ. ನಮ್ಮಪ್ಪನ ಕಾಲದಾಗ ಹೊಲದ ಬದುವಿನ ತುಂಬ ಇರ್ತಿತ್ತು. ನೀರ ಬರತೈತಿ ಅಂದಾಗ ಮಂದಿ ಬಾಗಲಾ ಚೌಕಟ್ಟು ಕಿತಗೊಂಡ್ರು, ತಗಡ ಕಿತಗೊಂಡ್ರು. ನಾ ಇವನ್ನ ತಂದೆ, ನಾಕ ಚೀಲ. ನಿನಗ ನೆನಪಿಲ್ಲೇನು?"

ನೆನಪಿತ್ತು. ಆಗ ಅವಳಿಗೆ ಆರೋ ಏಳೋ ವರ್ಷ. ಊರಿಗೆ ಊರೇ ಟ್ರ್ಯಾಕ್ಟರಿನಲ್ಲಿ ಸಾಮಾನು ಹೇರುತ್ತಿದ್ದಾಗ ಮುತ್ಯಾ ಮಣ್ಣು ತುಂಬಿದ ಚೀಲ ಹೊತ್ತು ಗುಡ್ಡ ಹತ್ತುತ್ತಿದ್ದ. ಸೋಮನಿಂಗ ಊರ ಮಣ್ಣು ಹೊತ್ತುಕೊಂಡು ಹೊಂಟಾನ ಎಂದು ಮಂದಿ ನಗುತ್ತಿದ್ದರು. ಅವಳೂ ನಕ್ಕಿದ್ದಳು. ಆ ಚೀಲದಲ್ಲಿ ಏನಿತ್ತೆಂದು ಅವಳಿಗೆ ತಿಳಿಯಲು ಇಪ್ಪತ್ತು ವರ್ಷ ಮೀರಿ ಹಿಡಿಯಿತು.

"ಅರ್ಧ ಸತ್ತ ಹ್ವಾದ್ವು. ಉಳದದ್ದನ್ನ ಲೋಟದಾಗ ನೀರ ಹಾಕಿ ಹಿಡಿಸಿದ್ನಿ," ಎಂದು ಮುತ್ಯಾ ಕೊನೆಯ ಸಾಲಿನ ತುದಿಗೆ ಹೋದ. ಅಲ್ಲಿ ಒಂದು ಕಾರೆಕಂಟಿಯ ಪೊದೆಯ ನೆರಳಲ್ಲಿ, ದಾರದಂಥ ಬಳ್ಳಿಯೊಂದು ಮುಳ್ಳಿಗೆ ಸುತ್ತಿಕೊಂಡು ನಿಂತಿತ್ತು. ಅದರಲ್ಲಿ ನಾಲ್ಕು ಕಂದೀಲು ಹೂ. "ಇದು ಹ್ವಾದ ವರ್ಷ ಚಿಗರಿದ್ದಿಲ್ಲ. ಒಮ್ಮೊಮ್ಮೆ ಹಂಗ ಮಣ್ಣಾಗ ಮಲಗಿಬಿಡ್ತಾವು. ಹಿಂಗಾಗಿ ನನ್ನ ಕಣ್ಣಿಗೆ ಬೀಳ್ದ ಉಳೀತು. ಕಾಯಿ ಆಗಿ ಬೀಜ ಹಾರಿದ್ರ ಬರೂ ವರ್ಷ ನಾಕಾರು ಏಳಬಹುದು ಅಂತ ಕಾಯಾಕತ್ತಿದ್ನಿ."

ಮಂದಿಯನ್ನು ಕಂಡು ಅವನು ಅಡಗಿ ಕೂರುತ್ತಿದ್ದದ್ದು ಇದಕ್ಕೆ. ಎಲೆ ಹಿಡಿದು ಬಂದ ಎಲ್ಲರಿಂದಲೂ ತಪ್ಪಿಸಿಕೊಂಡವನು, ಮೊಮ್ಮಗಳನ್ನು ಕಂಡ ಸಂತೋಷದಲ್ಲಿ ಎಲೆ ನೋಡದೆ ಓಡಿ ಬಂದು ಸಿಕ್ಕಿಬಿದ್ದಿದ್ದ.

ಮುತ್ಯಾ ಮಂಡಿಯೂರಿ ಕೋಡನ್ನು ಮಣ್ಣಿಗಿಟ್ಟ.

"ಬ್ಯಾಡ ಮುತ್ಯಾ!" ಭುವನೇಶ್ವರಿ ಅವನ ಕೈ ಹಿಡಿದಳು. "ನನಗ ಬ್ಯಾಡ. ಎಲಿ ಹೊಳ್ಳಿ ಕೊಡು."

"ತಗೊಂಡ ಎಲಿ ಹೊಳ್ಳಿ ಕೊಡೂ ಪದ್ಧತಿ ಇಲ್ಲವ್ವಾ."

"ನೀ ಯಾಕ ಹೇಳ್ಲಿಲ್ಲ? ಹ್ವಾದ ವರ್ಷನ ಯಾಕ ಹೇಳ್ಲಿಲ್ಲ ಮುತ್ಯಾ?" ಅವಳು ಅಳುತ್ತಿದ್ದಳು.

"ನೀ ಗಡ್ಡಿ ಕೇಳಿದಿ, ಕೊಟ್ನಿ. ಎಷ್ಟು ಅದಾವು ಅಂತ ನೀ ಕೇಳ್ಲಿಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಅವನು ಅವಳ ಕೈ ಬಿಡಿಸಿ ಅಗೆಯತೊಡಗಿದ. ಸುತ್ತಲಿನ ಮಣ್ಣು ಉದುರದ ಹಾಗೆ, ಕೂಸನ್ನು ತೊಟ್ಟಿಲಿನಿಂದ ಎತ್ತುವ ಹಾಗೆ ಎತ್ತಿದ. ಮುಳ್ಳಿನಿಂದ ಬಳ್ಳಿಯನ್ನು ಸುತ್ತು ಸುತ್ತಾಗಿ ಬಿಡಿಸಿ, ಹೂ ಸಮೇತ ಅವಳ ಬೊಗಸೆಗೆ ಇಟ್ಟ. "ನನ್ನ ಕೆಲಸ ಮುಗೀತು. ಇನ್ನ ಅದು ನಿಂದು."

ಭುವನೇಶ್ವರಿ ಅದನ್ನು ಹಿಡಿದುಕೊಂಡು ನಿಂತಳು. ಪತ್ರಿಕೆಯ ಉತ್ತರ, ಮೇಡಂ, ಇನ್ನೊಂದು ಹೆಜ್ಜೆಯಲ್ಲಿ ಮುಗಿಯಬೇಕಿದ್ದ ನಾಲ್ಕು ವರ್ಷದ ಓದು, ಎಲ್ಲ ಅವಳ ತಲೆಯಲ್ಲಿ ಒಮ್ಮೆ ಬಂದು ಹೋಯಿತು. ಸುಳ್ಳು ಯಾಕೆ ಹೇಳಬೇಕು, ಬಂದು ಹೋಯಿತು. ಆಮೇಲೆ ಅವಳು ಕೂತು, ಅದೇ ಕುಣಿಯಲ್ಲಿ ಗಡ್ಡೆಯನ್ನು ಇಟ್ಟು, ಬರಿಗೈಯಿಂದ ಮಣ್ಣೆಳೆದು, ಬಳ್ಳಿಯನ್ನು ಮತ್ತೆ ಮುಳ್ಳಿಗೆ ಸುತ್ತಿದಳು. ಮುತ್ಯಾ ಧೋತರದ ಅಂಚು ಬಿಚ್ಚಿ ಒಂದು ಎಲೆ ಕೊಟ್ಟ. ಅವಳು ಅದನ್ನು ಬುಡಕ್ಕೆ ಹೊದಿಸಿದಳು.

"ಹಿಡೀತೈತೇನು ಮುತ್ಯಾ?"

ಮುತ್ಯಾ ಕೋಡಿನ ಮಣ್ಣು ಒರೆಸಿದ. ಇಲ್ಲ ಅನ್ನುವುದು ಅವನಿಗೆ ಆಗಲಿಲ್ಲ.

ಮೂರನೇ ದಿನಕ್ಕೆ ಹೂಗಳು ಉದುರಿದವು. ಬಳ್ಳಿ ಬಾಡಿತು. ಮುತ್ಯಾ ದಿನಾ ಒಂದು ತಂಬಿಗೆ ನೀರು ಹಿಡಿದು ಗುಡ್ಡ ಬಳಸಿ ಹೋಗಿ ಬರುತ್ತಿದ್ದ. ದಸರೆಯ ಹೊತ್ತಿಗೆ ಬಳ್ಳಿ ಪೂರ್ತಿ ಒಣಗಿತು. ಅದು ಪ್ರತಿ ವರ್ಷ ಒಣಗುವುದೇ, ಹೀಗಾಗಿ ಸತ್ತಿತೋ ಮಲಗಿತೋ ಗೊತ್ತಾಗುವ ಹಾಗಿರಲಿಲ್ಲ. ಅಗೆದು ನೋಡೋಣ ಎಂದು ಭುವನೇಶ್ವರಿ ಅಂದಾಗ ಅವನು ಗದರಿದ. ಮಲಗಿದ್ದನ್ನು ಎಬ್ಬಿಸಬಾರದು, ಮಳೆ ಬರಲಿ ಎಂದ.

ವಿಜಯಲಕ್ಷ್ಮಿ ಮೇಡಂ ಎಲ್ಲ ಕೇಳಿಸಿಕೊಂಡು ಮೇಜಿನ ಮೇಲಿನ ಕಾಗದಗಳನ್ನು ಒತ್ತಟ್ಟಿಗೆ ಸರಿಸಿದರು. "ನಿಂದಷ್ಟ ತಪ್ಪಲ್ಲ. ನಾ ಒಮ್ಮೆ ಬಂದು ನೋಡಬೇಕಾಗಿತ್ತು. ಪಟ್ಟಿಯೊಳಗ ಅದರ ಹೆಸರು ನೋಡಿದಾಕಿ ನಾನ ಅಲ್ಲೇನು," ಎಂದರು. ಪತ್ರಿಕೆಗೆ ಬರೆದು ಪ್ರಬಂಧವನ್ನು ವಾಪಸು ತೆಗೆದುಕೊಂಡರು. ಉಳಿದ ಸತ್ವ ಬೆರಳುದ್ದದ ಗಾಜಿನ ಬಾಟಲಿಯಲ್ಲಿ, ಲ್ಯಾಬಿನ ಫ್ರಿಜ್ಜಿನಲ್ಲಿ, ಭುವನೇಶ್ವರಿಯ ಹೆಸರು ಬರೆಸಿಕೊಂಡು ಕೂತಿತು.

ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ಮುತ್ಯಾ ತೀರಿಕೊಂಡ. ಜ್ವರದ ಮಂಪರಿನಲ್ಲಿ ಎರಡು ಮೂರು ಸಲ, "ಮಳಿ ಬಂತೇನು?" ಎಂದು ಕೇಳಿದನಂತೆ. ಜನವರಿಯಲ್ಲಿ ಎಲ್ಲಿಯ ಮಳೆ! ಬಂತು ಅನ್ನು ಎಂದು ಮಂದಿ ಇಂದ್ರಾಬಾಯಿಗೆ ಹೇಳಿದರು. ಅವಳು, "ಇನ್ನೂ ಬಂದಿಲ್ಲ, ಬರತೈತಿ ತಡಿ," ಎಂದಳು. ಐವತ್ತು ವರ್ಷ ಜಗಳಾಡಿದ ಗಂಡನಿಗೆ ಕೊನೆಗಾಲದಲ್ಲಿ ಸುಳ್ಳು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ.

ಅವನು ಹೋದ ಆ ವರ್ಷ ಮಳೆ ಚೆನ್ನಾಗಿಯೇ ಆಯಿತು. ಭುವನೇಶ್ವರಿ ಪ್ರತಿ ಶನಿವಾರ ಊರಿಗೆ ಬಂದು, ಗುಡ್ಡದ ಓರೆಗೆ ಹೋಗಿ, ಕಾರೆಕಂಟಿಯ ಬುಡದಲ್ಲಿ ಕೂತು ನೋಡುತ್ತಿದ್ದಳು. ಹುಲ್ಲು ಬಂತು, ತುಂಬೆ ಬಂತು. ಆಷಾಢ ಹೋಯಿತು, ಶ್ರಾವಣ ಅರ್ಧವಾಯಿತು. "ಮಲಗಿರಬೇಕು ಬಿಡು, ಒಂದೊಂದ ವರ್ಷ ಮಲಗ್ತಾವಂತಲ್ಲ," ಎಂದು ಆಯಿ ಸಮಾಧಾನ ಹೇಳುತ್ತಿದ್ದಳು. ಭುವನೇಶ್ವರಿಗೂ ಅದನ್ನು ನಂಬುವ ಆಸೆ.

ಅಂಥ ಒಂದು ಶನಿವಾರ ಗುಡ್ಡದಿಂದ ಇಳಿದು ಬರುವಾಗ ಕಟ್ಟೆಯ ಮುಂದೆ ಒಬ್ಬ ಮುದುಕಿ ನಿಂತಿದ್ದಳು. ಕನ್ನೊಳ್ಳಿಯ ಹನಮವ್ವ. ಎರಡು ಬಸ್ಸು ಬದಲಿಸಿ ಬಂದಿದ್ದಳು, ಸೀರೆಯ ಅಂಚು ಕೆಸರಾಗಿತ್ತು. ಕಟ್ಟೆಯ ಮೇಲೆ ಆಗಲೇ ಐದು ಎಲೆ, ಒಂದು ಅಡಿಕೆ.

"ಸೋಮನಿಂಗಪ್ಪ ಹೋದ ಸುದ್ದಿ ಇಲ್ಲಿಗೆ ಬಂದಿಂದ ಗೊತ್ತಾತವ್ವಾ. ಭಾಳ ಕೆಟ್ಟ ಅನಿಸ್ತು. ಜಾಗಾ ನಿನಗ ತೋರಿಸಿ ಹೋಗ್ಯಾನ ಅಂತ ನಿಮ್ಮ ಆಯಿ ಹೇಳಿದ್ಳು. ನನ್ನ ಸೊಸಿ ಹಡದು ಹದಿನೆಂಟ ದಿನ ಆತು, ಎದ್ದು ಕುಂಡ್ರವಲ್ಲಳು. ಹಡದಾಗ ನಾನೂ ಇದ ಗಡ್ಡಿ ಕುಡದ ಎದ್ದಾಕಿ."

"ದವಾಖಾನಿಗೆ ಕರಕೊಂಡು ಹೋಗ್ರಿ ಆಯಿ, ತಡಾ ಮಾಡಬ್ಯಾಡ್ರಿ."

"ಹೋಗಿ ಬಂದೇವಿ. ಗುಳಿಗಿ ಕೊಟ್ಟಾರ, ನುಂಗಾಕತ್ತಾಳ. ಮತ್ತ ಸೋಮವಾರ ಬಾ ಅಂದಾರ, ಹೋಗ್ತೇವಿ. ಆದ್ರೂ ಇದೊಂದು ನಮ್ಮ ಸಮಾಧಾನಕ್ಕ. ಭಾಳ ಬ್ಯಾಡ, ಅರ್ಧಾ ಗಡ್ಡಿ ಸಾಕು."

ಅರ್ಧ ಗಡ್ಡೆ. ಭುವನೇಶ್ವರಿಗೆ ಫ್ರಿಜ್ಜಿನಲ್ಲಿದ್ದ ಬಾಟಲಿ ನೆನಪಾಯಿತು. ಎಪ್ಪತ್ತೆರಡು ಗಡ್ಡೆಗಳಲ್ಲಿ ಉಳಿದದ್ದು ಅದರಲ್ಲಿತ್ತು. ನೇರಳೆಯನ್ನು ಹಳದಿ ಮಾಡುವ ಆ ಸತ್ವವೆಲ್ಲ ಮೆಥನಾಲಿನಲ್ಲಿ ಕರಗಿ ಕೂತಿತ್ತು. ಮೆಥನಾಲ್ ವಿಷ. ಅದರ ಒಂದು ಹನಿಯನ್ನೂ ಯಾವ ಬಾಣಂತಿಯ ಬಾಯಿಗೂ ಹಾಕುವ ಹಾಗಿರಲಿಲ್ಲ.

ಆಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಭುವನೇಶ್ವರಿ ಹಿತ್ತಲಿನ ಕಡೆ ನೋಡಿದಳು. ಹಿತ್ತಲಿನಿಂದ ಗುಡ್ಡಕ್ಕೆ ಓಡಿಹೋಗಲು ಅವಳಿಗೆ ಆಡುಗಳೂ ಇರಲಿಲ್ಲ.

"ಇಲ್ಲರಿ ಆಯಿ," ಎಂದಳು.

ಹನಮವ್ವನಿಗೆ ಕೇಳಿಸಿತು, ಆದರೆ ತಿಳಿಯಲಿಲ್ಲ. ಆ ಕಟ್ಟೆಯ ಮುಂದೆ ಅವಳು ಆ ಮಾತು ಕೇಳಿದ್ದು ಅದೇ ಮೊದಲು. "ಇಲ್ಲ ಅಂದ್ರ? ಇವತ್ತ ಇಲ್ಲೇನು?"

"ಇವತ್ತೂ ಇಲ್ಲ, ನಾಳೀನೂ ಇಲ್ಲ. ಎಲ್ಲಾ ಮುಗದಾವು. ನಾನ ಮುಗಸೀನಿ."

ಮುದುಕಿ ಅವಳ ಮುಖವನ್ನೇ ನೋಡಿದಳು. ಹುಡುಗಿ ಅಳುತ್ತಿರುವುದು ಕಂಡು, ಮುತ್ಯಾನ ನೆನಪಾಗಿ ಅಳುತ್ತಾಳೆಂದು ತಿಳಿದುಕೊಂಡಳೋ ಏನೋ, ಹತ್ತಿರ ಬಂದು ಅವಳ ಗಲ್ಲ ಸವರಿ ಬೆರಳು ಮುರಿದು ನೆಟಿಗೆ ತೆಗೆದಳು. "ಅಳಬ್ಯಾಡವ್ವಾ. ಹೊಸದಾಗಿ ಕೊಡಾಕಿ, ಜಾಗಾ ಇನ್ನೂ ಸರಿಯಾಗಿ ಗೊತ್ತಾಗಿರಲಿಕ್ಕಿಲ್ಲ. ನಾಕ ದಿನ ಬಿಟ್ಟ ಬರ್ತೇನಿ. ಎಲಿ ಇಲ್ಲೇ ಇರ್ಲಿ," ಎಂದು ಸೆರಗು ಹೊದ್ದುಕೊಂಡು ಬಸ್ಸಿನ ಕಡೆ ನಡೆದಳು.

ಭುವನೇಶ್ವರಿ ಎಲೆಗಳನ್ನು ಎತ್ತಿಕೊಳ್ಳಲಿಲ್ಲ, ತೆಗೆದು ಎಸೆಯಲೂ ಇಲ್ಲ. ಆಯಿ ಮರುದಿನ ಅಂಗಳ ಗುಡಿಸುವಾಗ ಆ ಮೂಲೆ ಒಂದನ್ನು ಬಿಟ್ಟು ಗುಡಿಸಿದಳು. ಎಲೆಗಳು ಕಟ್ಟೆಯ ಮೇಲೆಯೇ ಇದ್ದು ಒಣಗಿದವು.